ಕಂಡಕ್ಟರಮ್ಮನ ಮೈಕಾವಲು

ಆ ಬಸ್ಸಿನಲ್ಲಿ ಓಡಾಡುವವರೆಲ್ಲ ಅವಳನ್ನು ಕರೆಯುತ್ತಿದ್ದುದು ಕಂಡಕ್ಟರಮ್ಮ ಎಂದೇ. ಕಾಲಿಡಲು ಜಾಗವಿಲ್ಲದ ನೂಕುನುಗ್ಗಲಿನಲ್ಲೂ ಟಿಕೆಟ್ ತೆಗೆಯದವನ ಮುಖ ಅವಳಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಒಂದು ಸಲ ಸಿಕ್ಕಿಬಿದ್ದವನ ಕಥೆಯಂತೂ ಮುಗಿದಂತೆಯೇ. "ಬನ್ನಿ ಸ್ವಾಮಿ, ಇವತ್ತಾದ್ರೂ ಟಿಕೆಟ್ ತಗೊಳ್ತೀರೋ, ಇಲ್ಲ ಹಿಂದಿನ ಬಾಗಿಲು ತೆಗೆಸ್ಲೋ?" ಎಂದು ಎಲ್ಲರೆದುರು ಮಾನ ಹರಾಜು ಹಾಕುತ್ತಿದ್ದಳು. ಅಂಥ ಗಟ್ಟಿಗಿತ್ತಿಗೆ ರಕ್ತದ ಕ್ಯಾನ್ಸರ್ ಬಂತು.

ಡಾಕ್ಟರು, ಅವಳಿಗಿಂತ ಚಿಕ್ಕ ವಯಸ್ಸಿನ ಹೆಂಗಸು, ಅವಳಿಗೆ ಅರ್ಥವಾಗುವ ಹಾಗೇ ಹೇಳಿದರು. "ನಿಮ್ಮ ಮೈಯೊಳಗೂ ಕಂಡಕ್ಟರುಗಳಿದಾರೆ ಅಮ್ಮ, ಬಿಳಿ ರಕ್ತಕಣಗಳು. ಮೈಯ ಜೀವಕೋಶಗಳೆಲ್ಲ ಇವರಿಗೆ ಪಾಸ್ ತೋರಿಸ್ತಾನೇ ಇರ್ತವೆ. ಪಾಸಿಲ್ಲದ ರೋಗಾಣು ಹತ್ತಿದ್ರೆ ಹಿಡಿದು ಮುಗಿಸ್ತಾರೆ, ಮುಖಾನೂ ನೆನಪಿಟ್ಕೊಳ್ತಾರೆ. ಎರಡನೇ ಸಲ ಬಂದ್ರೆ ಬಾಗಿಲಲ್ಲೇ ಪೂಜೆ. ಈಗ ಕೆಟ್ಟಿರೋದು ಅವರು ಹುಟ್ಟೋ ಜಾಗ, ಮೂಳೆಯೊಳಗಿನ ಮಜ್ಜೆ. ಹಳಬರನ್ನೆಲ್ಲ ಔಷಧಿ ಕೊಟ್ಟು ತೆಗೆದುಹಾಕಿ, ಬೇರೆಯವರ ಮಜ್ಜೆ ಹಾಕ್ಬೇಕು."

ಬೇರೆಯವರೆಂದರೆ ಅವಳ ತಮ್ಮ. ಕಟ್ಟಡಗಳಿಗೆ ಬಣ್ಣ ಬಳಿಯುವವನು, ಬಾಯಿಗೆ ಬೀಗವಿಲ್ಲದವನು. "ತಗೋ ಅಕ್ಕ, ಇನ್ಮೇಲಾದ್ರೂ ನಿನ್ನ ಮೈಯಲ್ಲಿ ಸ್ವಲ್ಪ ಒಳ್ಳೇ ರಕ್ತ ಹರೀಲಿ," ಎಂದು ನಗುತ್ತಲೇ ಸೂಜಿಗೆ ಮೈಯೊಡ್ಡಿದ. ಅವನ ಮಜ್ಜೆ ಅವಳ ಮೂಳೆಗೆ ಒಗ್ಗಿತು. ಆದರೆ ಹೊಸ ಕಾವಲಿನವರಿಗೆ ಇನ್ನೂ ಬಲ ಬಂದಿರಲಿಲ್ಲ. ಸಣ್ಣ ನೆಗಡಿಯೂ ಪ್ರಾಣಕ್ಕೆ ಬರಬಹುದೆಂದು ಅವಳನ್ನು ಒಂದು ಕೋಣೆಯಲ್ಲಿ ಒಂಟಿಯಾಗಿ ಇಟ್ಟರು.

ಆ ದಿನಗಳಲ್ಲೇ, ಬಣ್ಣ ಬಳಿಯಲು ನಿಂತಿದ್ದ ಸಾರುವೆ ಕಳಚಿ ತಮ್ಮ ಮೂರನೇ ಮಹಡಿಯಿಂದ ಬಿದ್ದ. ಆಸ್ಪತ್ರೆಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅಷ್ಟು ಜನರ ನಡುವೆ ಹೋದ್ರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ನನ್ನಿಂದಾಗಲ್ಲ," ಎಂದರು ಡಾಕ್ಟರು. ಅವಳು ತಮ್ಮನ ಮಣ್ಣಿಗೆ ಹೋಗಲಿಲ್ಲ. ಅಮ್ಮನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? "ಅವನ ರಕ್ತ ಹೀರಿ ಬದುಕಿದ್ಳು, ಕೊನೇ ಸಲ ಮುಖ ನೋಡೋಕೂ ಬರ್ಲಿಲ್ಲ," ಎಂದಳಂತೆ. ಅಂದಿನಿಂದ ಮಗಳ ಜೊತೆ ಮಾತೇ ಬಿಟ್ಟಳು.

ಕಂಡಕ್ಟರಮ್ಮನಿಗೆ ಅಳು ಬರಲಿಲ್ಲ. ಸುಳ್ಳೇಕೆ ಹೇಳಬೇಕು, ಏನೂ ಬರಲಿಲ್ಲ. ಹಲ್ಲು ಕೀಳುವಾಗ ಮರಗಟ್ಟಿಸಿದ ವಸಡಿನ ಹಾಗೆ ಇಡೀ ಜೀವ ಸುಮ್ಮನಿತ್ತು. ಊಟ ಮಾಡಿದಳು, ಮಾತ್ರೆ ನುಂಗಿದಳು, ಮಲಗಿದಳು.

ಹಳೇ ಕಾವಲಿನ ಜೊತೆ ಹಳೇ ನೆನಪೂ ಹೋಗಿತ್ತಲ್ಲ, ಚಿಕ್ಕಂದಿನ ಲಸಿಕೆಗಳನ್ನೆಲ್ಲ ಮತ್ತೆ ಶುರುವಿನಿಂದ ಹಾಕಿಸಬೇಕಾಯಿತು. ಕೂಸುಗಳ ಸಾಲಿನಲ್ಲಿ ನಿಂತವಳನ್ನು ನರ್ಸು, "ಮಗು ಎಲ್ಲಮ್ಮ?" ಎಂದು ಕೇಳಿದಳು.

"ನಾನೇ."

ನರ್ಸು ಬಿದ್ದು ಬಿದ್ದು ನಕ್ಕಳು. ಆ ಸಾಲಿನಲ್ಲಿ ಅಳದೆ ಸೂಜಿ ಚುಚ್ಚಿಸಿಕೊಂಡ ಕೂಸು ಇವಳೊಬ್ಬಳೇ.

ಓಡಾಡಲು ಒಪ್ಪಿಗೆ ಸಿಕ್ಕ ಮೇಲೆ ಪ್ರತಿ ಭಾನುವಾರ ಅಮ್ಮನ ಮನೆಗೆ ಹೋಗತೊಡಗಿದಳು. ಬೈಗುಳವಾದರೂ ಸರಿ, ಅಮ್ಮನ ಬಾಯಿಂದ ಒಂದು ಮಾತು ಬಿದ್ದರೆ ಸಾಕಿತ್ತು. ಅಮ್ಮ ತಟ್ಟೆ ತಂದು ಕುಕ್ಕಿ ಒಳಗೆ ಹೋಗುತ್ತಿದ್ದಳು. ಇವಳು ಉಂಡು, ತಟ್ಟೆ ತೊಳೆದಿಟ್ಟು, ಬರುತ್ತೇನೆಂದು ಗೋಡೆಗೆ ಹೇಳಿ ಹೊರಡುತ್ತಿದ್ದಳು.

ಮತ್ತೆ ಕೆಲಸಕ್ಕೆ ಸೇರಿದಳು. ಒಂದು ಮಧ್ಯಾಹ್ನ ಡ್ರೈವರ್ ಹುರಿದ ಕಡಲೆಕಾಯಿಯ ಪೊಟ್ಟಣ ಚಾಚಿದ. ಹುಟ್ಟಿದಾಗಿನಿಂದ ಹಿಡಿ ಹಿಡಿ ಮುಕ್ಕಿದವಳು, ನಾಲ್ಕು ಬೀಜ ಬಾಯಿಗೆ ಹಾಕಿಕೊಂಡಳು. ಮುಂದಿನ ಸ್ಟಾಪು ಬರುವ ಮೊದಲೇ ತುಟಿ ಊದಿತು, ಗಂಟಲು ಕಟ್ಟಿತು. ಡ್ರೈವರ್ ಹಿಂದೆಮುಂದೆ ನೋಡದೆ ಪ್ರಯಾಣಿಕರ ಸಮೇತ ಬಸ್ಸನ್ನು ಆಸ್ಪತ್ರೆಗೇ ಹೊಡೆದ. ಇಂಜೆಕ್ಷನ್ ಬಿದ್ದ ಮೇಲೆ ಉಸಿರು ಸಡಿಲವಾಯಿತು. ಯಾರೋ ಅಮ್ಮನಿಗೂ ಹೇಳಿಕಳಿಸಿದ್ದರು. ಅವಳು ಬಂದು ಬಾಗಿಲಲ್ಲೇ ನಿಂತಳು.

"ಮೊದಲಿಂದ್ಲೂ ಕಡಲೆಕಾಯಿ ಆಗ್ತಿರ್ಲಿಲ್ವಾ?" ಎಂದರು ಡಾಕ್ಟರು.

"ನಂಗೆ ಯಾವತ್ತೂ ಏನೂ ಆಗಿಲ್ಲ. ನನ್ನ ತಮ್ಮನಿಗೆ ಆಗ್ತಿರ್ಲಿಲ್ಲ."

ಡಾಕ್ಟರು ಅವಳ ಹಳೇ ಫೈಲು ತಿರುವಿ ನೋಡಿದರು. "ಹಾಗಾದ್ರೆ ಇದು ಅವರದೇ. ಅವರ ಕಾವಲಿನವರು ಕಡಲೆಕಾಯನ್ನೂ ಶತ್ರು ಅಂತ ತಪ್ಪು ತಿಳಿದಿದ್ರು. ಅದೇ ನೆನಪು ಹೊತ್ಕೊಂಡು ನಿಮ್ಮ ಮೈಗೆ ಬಂದಿದಾರೆ. ಅಪರೂಪಕ್ಕೆ ಹೀಗಾಗುತ್ತೆ."

ಅಮ್ಮ ಮೆಲ್ಲಗೆ ಮಂಚದ ಹತ್ತಿರ ಬಂದಳು. ಊದಿದ ತುಟಿ, ಅರ್ಧ ಮುಚ್ಚಿದ ಕಣ್ಣು, ಕೆನ್ನೆ ತುಂಬ ದದ್ದು. ಆ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ಎಷ್ಟು ಸಲ ಬಡ್ಕೊಂಡಿದೀನಿ ನಿಂಗೆ, ಅದನ್ನ ಬಾಯಿಗೆ ಹಾಕ್ಬೇಡ ಕಣೋ ಅಂತ!"

ಕಣೇ ಅನ್ನಲಿಲ್ಲ. ಕಣೋ ಅಂದಳು.

"ಇನ್ಮೇಲೆ ತಿನ್ನಲ್ಲಮ್ಮ," ಎಂದ ಕಂಡಕ್ಟರಮ್ಮ, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಗೊಳೋ ಎಂದು ಅತ್ತಳು.