ಮೈಕ್ ಬಂದ್ ಇತ್ತು ಎಂದೆ

2014ರ ಆಗಸ್ಟ್ 17, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಐರೋಲಿಯ ಒಂದು ಸಣ್ಣ ದವಾಖಾನೆಯಲ್ಲಿ, ರೋಗಿಯೊಬ್ಬರು ಬೇಡ ಎಂದ ಮೇಲೂ, ಅವರ ಮಾತನ್ನು ನಾನು ಎಂಟು ಮಂದಿ ವಿದ್ಯಾರ್ಥಿಗಳಿಗೆ ಕೇಳಿಸಿದೆ. ಐದು ದಿನಗಳ ನಂತರ ಆ ತಪ್ಪು ಶಾಂತಕ್ಕ ಎಂಬ ಹೆಂಗಸಿನ ತಲೆಗೆ ಬಂದಾಗ ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ — ಆ ವಾರದಲ್ಲಿ ಎರಡು ಮಾತು ಆಡಿದೆ. ಎರಡೂ ಸುಳ್ಳು.

ಆಗ ನನಗೆ ಇಪ್ಪತ್ತೈದು. ಎಂಬಿಬಿಎಸ್ ಮುಗಿಸಿ, ಮುಂದಿನ ಪರೀಕ್ಷೆಗೆ ಓದುತ್ತ, ಡೊಂಬಿವಿಲಿಯಿಂದ ಐರೋಲಿಗೆ ಬಂದು ಸರ್ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಸರ್ ಎಂದರೆ ಆ ದವಾಖಾನೆಯ ವೈದ್ಯರು, ಮಂಗಳೂರು ಕಡೆಯವರು. ನಮ್ಮ ಕನ್ನಡ ಸಂಘದ ಮನೆಗಳಲ್ಲಿ ಡಾಕ್ಟರ್ ಆಗಬೇಕೆಂದು ಹೊರಟ ಮಕ್ಕಳು ಬಹಳ. ವೈದ್ಯರ ಪಕ್ಕದಲ್ಲಿ ಕುಳಿತು ಒಂದು ದಿನ ನೋಡಿದ್ದವರು ಒಬ್ಬರೂ ಇರಲಿಲ್ಲ. ಕಲ್ಯಾಣದಿಂದಲೋ ಸೀವುಡ್ಸ್‌ನಿಂದಲೋ ಲೋಕಲ್ ರೈಲುಗಳನ್ನು ಗಂಟೆಗಟ್ಟಲೆ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್‌ನಲ್ಲಿ ಅವರು ಬರುವುದು ಹೇಗೆ? ಬಂದರೂ ಸರ್ ಅವರ ಕೋಣೆಯಲ್ಲಿ ಇನ್ನೊಂದು ಕುರ್ಚಿಗೆ ಜಾಗವಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪ್‌ನ ವೀಡಿಯೊ ಕರೆಯಲ್ಲಿ ಅವರನ್ನೆಲ್ಲ ಕೂರಿಸುವ ಯೋಚನೆ ಮಾಡಿದೆ. ಅವರು ಮನೆಯಲ್ಲೇ ಕುಳಿತು ನೋಡಬಹುದು, ಕೇಳಬಹುದು. ನಾನು ಸ್ವಯಂಸೇವಕಿ. ಸಂಘಕ್ಕೆ ನಾನೇ ಹೋಗಿ ಹೇಳಿದೆ, ನಾನೇ ಹೆಸರು ಬರೆದುಕೊಂಡೆ, ನಿಯಮಗಳನ್ನೂ ನಾನೇ ಮಾಡಿದೆ. ಎಲ್ಲರೂ ಇಯರ್‌ಫೋನ್ ಹಾಕಿಕೊಳ್ಳಬೇಕು. ರೆಕಾರ್ಡ್ ಮಾಡಬಾರದು. ರೋಗಿ ಒಪ್ಪಿದರೆ ಮಾತ್ರ ತೋರಿಸುವುದು. ಒಪ್ಪದಿದ್ದರೆ ಕ್ಯಾಮೆರಾ ಗೋಡೆಗೆ, ಮೈಕ್ ಬಂದ್.

ಜೂನ್ 8ರಂದು ಮೊದಲ ಕೂಟ. ಹಾಜರಿ ಹತ್ತೊಂಬತ್ತು. ಎರಡನೆಯ ವಾರ ಹದಿನೇಳು. ಆಮೇಲೆ ಹದಿನಾಲ್ಕು, ಹನ್ನೊಂದು... ಹತ್ತನೆಯ ವಾರಕ್ಕೆ ಏಳು. ಇವನ್ನೆಲ್ಲ ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ — ದಿನಾಂಕ, ಹಾಜರಿ, ಎಷ್ಟು ರೋಗಿಗಳು, ಎಷ್ಟು ಒಪ್ಪಿಗೆ. ಸಂಖ್ಯೆ ಇಳಿಯುವುದು ನನಗೆ ಮೈಮೇಲೆ ಗಾಯ ಕಂಡ ಹಾಗೆ ಆಗುತ್ತಿತ್ತು.

ಶಾಂತಕ್ಕನಿಗೂ ಅದು ಗೊತ್ತಿತ್ತು. ಆಕೆ ವಿಜಯಪುರದ ಕಡೆಯವರು. ದವಾಖಾನೆಯ ಬಾಗಿಲಲ್ಲಿ ಕುಳಿತು ಹೆಸರು ಬರೆದು, ಕೇಸ್ ಪೇಪರ್ ಹುಡುಕಿ, ಅಳುವ ಮಗುವಿಗೆ ಬಿಸ್ಕತ್ತು ಕೊಟ್ಟು, ಮುಂದೆ ನುಗ್ಗುವವರನ್ನು ಗದರಿಸಿ ಕೂರಿಸುವ ಎಲ್ಲ ಕೆಲಸ ಅವರದೇ. ಪ್ರತಿ ಭಾನುವಾರ ನನ್ನ ಲ್ಯಾಪ್‌ಟಾಪಿನ ಕೆಳಗೆ ಎರಡು ದಪ್ಪ ಔಷಧಿ ಪುಸ್ತಕ ಇಟ್ಟು ಎತ್ತರ ಮಾಡಿಕೊಡುತ್ತಿದ್ದರು.

"ಡಾಕ್ಟರವ್ವಾ, ನಿಮ್ಮ ಟಿವಿ ಇವತ್ತ ಎಷ್ಟ್ ಮಂದಿ ನೋಡಾಕತ್ತಾರ?"

"ಎಂಟು, ಶಾಂತಕ್ಕ."

"ಹೋದ ವಾರ ಏಳ. ಒಬ್ಬ ಹೆಚ್ಚಾದ ನೋಡ್ರಿ. ಪೇಡೆ ತರಸ್ರಿ!"

ಅದು ಹನ್ನೊಂದನೆಯ ಕೂಟ. ಅಂದು ಮೂರನೆಯವರಾಗಿ ಒಳಗೆ ಬಂದವರನ್ನು ಇಲ್ಲಿ ವಾಸಣ್ಣ ಎನ್ನುತ್ತೇನೆ. ನಿಜವಾದ ಹೆಸರು ಬರೆಯುವ ಹಕ್ಕು ನನಗಿಲ್ಲ. ಉಡುಪಿ ಕಡೆಯವರು, ರಬಾಳೆಯ ಕಾರ್ಖಾನೆಗಳ ನಡುವಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಹದಿನಾರು ವರ್ಷ ನಿಂತವರು. ನಿಯಮದ ಪ್ರಕಾರ ನಾನು ಕೇಳಿದೆ. ಅವರು ಲ್ಯಾಪ್‌ಟಾಪನ್ನು ನೋಡಿ, ನನ್ನನ್ನು ನೋಡಿ, ಹೇಳಿದರು:

"ಬೇಡ ಮೇಡಂ. ಅದರಲ್ಲಿ ನಮ್ಮವರ ಮಕ್ಕಳೇ ಇರ್ತಾರೆ. ನನ್ನ ಮುಖವೂ ಬೇಡ, ವಿಷಯವೂ ಬೇಡ."

ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ನಾನು "ಆಯ್ತು" ಎಂದು ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಿದೆ. ಮೈಕ್ ಮುಟ್ಟಲಿಲ್ಲ.

ಮರೆತದ್ದಲ್ಲ. ಇದನ್ನು ಇಷ್ಟು ವರ್ಷ ನನಗೆ ನಾನೇ ಮರೆತದ್ದು ಎಂದು ಹೇಳಿಕೊಳ್ಳಲು ನೋಡಿದೆ — ಆದರೆ ಬೆರಳು ಗುಂಡಿಯ ಮೇಲೆಯೇ ಇತ್ತು. ಮೂರು ವಾರದ ಕೆಮ್ಮು, ಸಂಜೆ ಜ್ವರ, ಸಡಿಲವಾದ ಅಂಗಿ. ಪಠ್ಯಪುಸ್ತಕದಿಂದ ಎದ್ದು ಬಂದಂಥ ಲಕ್ಷಣಗಳು. ಸರ್ ಹೇಗೆ ಒಂದೊಂದೇ ಪ್ರಶ್ನೆ ಕೇಳುತ್ತಾರೆ ಎಂಬುದನ್ನು ಮಕ್ಕಳು ಕೇಳಿದರೆ ಮುಂದಿನ ವಾರ ಹತ್ತು ಮಂದಿಯಾದರೂ ಬಂದಾರು... ಅಷ್ಟರಲ್ಲಿ ಸರ್ ಮತ್ತು ವಾಸಣ್ಣ ತುಳುವಿಗೆ ತಿರುಗಿದರು. ನನಗೆ ಸಮಾಧಾನವೇ ಆಯಿತು. ಆ ಎಂಟು ಮಂದಿಯೂ ಇಲ್ಲೇ ಹುಟ್ಟಿ ಬೆಳೆದವರು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುವವರು. ಇವರಿಗೆ ತುಳು ಎಲ್ಲಿಂದ ಬರಬೇಕು, ದನಿ ಕೇಳಿದರೆ ಯಾರಿಗೆ ಏನು ತಿಳಿಯಬೇಕು ಎಂದುಕೊಂಡೆ. ಮನೆಯಲ್ಲಿ ತುಳುವನ್ನೇ ಆಡುವ ನಾನು, ಸರ್ ಕೇಳಿದ್ದನ್ನೂ ಅವರು ಹೇಳಿದ್ದನ್ನೂ ಚಾಟ್‌ನಲ್ಲಿ ಸಾಲು ಸಾಲಾಗಿ ಟೈಪ್ ಮಾಡಿದೆ. ಕೊನೆಯಲ್ಲಿ: ಟಿಬಿಯ ಅನುಮಾನ, ಕಫ ಪರೀಕ್ಷೆಗೆ ಬರೆದಿದ್ದಾರೆ. ಅಂದಿನ ಡೈರಿಯಲ್ಲಿ ವಾಸಣ್ಣನ ಸಾಲಿಗೆ "ನಿರಾಕರಣೆ, ಕ್ಯಾಮೆರಾ ತಿರುಗಿಸಿದೆ" ಎಂದಷ್ಟೇ ಇದೆ.

ಮಧ್ಯಾಹ್ನ ಒಂದು ಗಂಟೆ ಐದು ನಿಮಿಷಕ್ಕೆ ಸೀವುಡ್ಸ್‌ನ ಹುಡುಗಿಯಿಂದ ಮೆಸೇಜ್ ಬಂತು. ಹನ್ನೊಂದು ವಾರದಲ್ಲಿ ಒಂದು ದಿನವೂ ತಪ್ಪಿಸಿಕೊಳ್ಳದ ಹುಡುಗಿ. "ದೀದಿ, ವೋ ತೋ ಹಮಾರೆ ವಾಸಣ್ಣ ಥೇ ನಾ? ಆವಾಜ್ ಸೇ ಪೆಹಚಾನ್ ಲಿಯಾ! ಪಪ್ಪಾ ಕೋ ಬತಾಯಾ, ಬಹುತ್ ಟೆನ್ಷನ್ ಮೇ ಹೈ." ದನಿಯಿಂದಲೇ ಗುರುತು ಹಿಡಿದು ಅಪ್ಪನಿಗೂ ಹೇಳಿಬಿಟ್ಟಿದ್ದಳು, ಅಪ್ಪನಿಗೆ ಚಿಂತೆ ಹತ್ತಿತ್ತು. ಆಕೆಯ ತಂದೆಯೇ ಆ ಹೋಟೆಲಿನ ಮಾಲೀಕರು. ಮನೆಯಲ್ಲಿ ಅಜ್ಜಿ ತುಳು ಬಿಟ್ಟು ಬೇರೆ ಆಡುವುದಿಲ್ಲವಂತೆ. ಆಕೆ ಹಿಂದಿಯಲ್ಲಿ ಉತ್ತರಿಸುತ್ತಾಳೆ, ಅಷ್ಟೇ. ಆಕೆ ಕೆಟ್ಟದ್ದು ಬಯಸಿ ಹೇಳಿದವಳಲ್ಲ. ಚಿಕ್ಕಂದಿನಿಂದ ತನಗೆ ದೋಸೆಯ ಮೇಲೆ ಹೂ ಬಿಡಿಸಿಕೊಟ್ಟವರ ಬಗ್ಗೆ ಗಾಬರಿಯಾಗಿ ಹೇಳಿದಳು. ನಾನು "ಇನ್ನು ಯಾರಿಗೂ ಹೇಳಬೇಡ" ಎಂದು ಬರೆದು, ಆ ಮೆಸೇಜನ್ನು ಅಳಿಸಿ ಹಾಕಿದೆ.

ಮಂಗಳವಾರ ವಾಸಣ್ಣ ಬಂದರು. ಅವರ ಕಫ ಪರೀಕ್ಷೆಯ ಫಲಿತಾಂಶವೇ ಇನ್ನೂ ಬಂದಿರಲಿಲ್ಲ. ಕಾವಲಿಯ ಮುಂದೆ ಆಗಲೇ ಬೇರೆಯವರು ನಿಂತಿದ್ದರು. ಹೋಟೆಲಿನ ಹುಡುಗರು ಅವರ ಲೋಟವನ್ನು ಬೇರೆ ಇಟ್ಟಿದ್ದರು. ಸುದ್ದಿ ಎಲ್ಲಿಂದ ಬಂತೆಂದು ಮಾಲೀಕರು ಬಾಯಿ ಬಿಟ್ಟಿರಲಿಲ್ಲ. ಅವರು ಕೂಗಾಡಲಿಲ್ಲ. "ನಿಮ್ಮ ಹತ್ರ ಮಾತ್ರ ಹೇಳಿದ್ದು ಡಾಕ್ಟ್ರೆ. ಹೊರಗೆ ಹೇಗೆ ಹೋಯ್ತು?" ಎಂದರು.

ಅವರು ಹೋದ ಮೇಲೆ ಸರ್ ನನ್ನ ಕಡೆ ತಿರುಗಿದರು. "ಮೈಕ್ ಬಂದ್ ಮಾಡಿದ್ದೆ ಅಲ್ವಾ ನೀನು?"

"ಹೌದು ಸರ್. ಬಂದ್ ಇತ್ತು."

ಎಷ್ಟು ಸುಲಭವಾಗಿ ಬಂತು ಆ ಮಾತು. ಸರ್ ತಲೆಯಾಡಿಸಿದರು. ನನ್ನ ಲೆಕ್ಕ, ಕಾಲಂ, ನಿಯಮ ಎಲ್ಲ ನೋಡಿದ್ದವರು. ನಂಬದಿರಲು ಅವರಿಗೆ ಕಾರಣವೇ ಇರಲಿಲ್ಲ. ನನ್ನನ್ನು ನಂಬಿದ ಮೇಲೆ ಕೇಸ್ ಪೇಪರ್ ಮುಟ್ಟುವವರು ಇನ್ನೊಬ್ಬರೇ ಉಳಿದರು. ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಶಾಂತಕ್ಕನ ನಾದಿನಿ. ಈ ಎರಡನ್ನೂ ಸೇರಿಸಿ ನೋಡಲು ಯಾರಿಗೆ ತಾನೇ ಕಷ್ಟ?

ಆಗಸ್ಟ್ 22, ಶುಕ್ರವಾರ, ಹನ್ನೊಂದು ಗಂಟೆ ನಲವತ್ತು ನಿಮಿಷ. ಸರ್ ಮೆಲ್ಲಗೆ, ಅವಮಾನವಾಗದ ಹಾಗೆ ಎಂದುಕೊಂಡೇ, "ಸ್ವಲ್ಪ ದಿನ ರಜೆ ತಗೊಳ್ಳಿ ಶಾಂತಕ್ಕ" ಎಂದರು.

"ರಜಾ ಯಾಕ್ರಿ ಸಾಹೇಬ್ರ? ನಾ ಆಜಾರಿ ಬಿದ್ದೀನೇನು? ನಾ ಯಾರ ಮುಂದೂ ಹೇಳಿಲ್ಲ. ಎಂಟು ವರ್ಷದಾಗ ಎಂದರ ಹೇಳೀನೇನು?"

ಶಾಂತಕ್ಕ ಕಪಾಟಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನನ್ನನ್ನು ನೋಡಿದರು.

"ನೀವರ ಹೇಳ್ರಿ ಡಾಕ್ಟರವ್ವಾ. ನಾ ಅಂಥಾಕಿ ಏನ್ರಿ?"

ಮೆಸೇಜ್ ಬಂದು ಐದು ದಿನವಾಗಿತ್ತು. ನನಗೆ ಎಲ್ಲವೂ ತಿಳಿದಿತ್ತು. ಒಂದು ವಾಕ್ಯ ಸಾಕಿತ್ತು.

"ನನಗೇನೂ ಗೊತ್ತಿಲ್ಲ ಶಾಂತಕ್ಕ," ಎಂದೆ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು — ಸಿಟ್ಟಿನಿಂದಲ್ಲ. ಅಳುವ ಮಗುವಿನ ತಾಯಿಯನ್ನು ನೋಡುತ್ತಿದ್ದ ಹಾಗೆ, ಏನಾಗಿದೆ ಇವಳಿಗೆ ಎಂದು ಕೇಳುವ ಹಾಗೆ. ನಂತರ ಚಪ್ಪಲಿ ಮೆಟ್ಟಿ ಹೋದರು.

ಆಮೇಲೆ ಇನ್ನೂ ಆರು ಭಾನುವಾರ ಕೂಟ ನಡೆಸಿದೆ. ಮೈಕ್ ಬಗ್ಗೆ ಬಹಳ ಎಚ್ಚರ ವಹಿಸಿದೆ. ಕೊನೆಯ ದಿನದ ಹಾಜರಿ ಹದಿಮೂರು. ಸಂಘದವರು ಕರೆದು ಶಾಲು ಹೊದಿಸಿದರು, ನಾನು ಹೊದಿಸಿಕೊಂಡೆ.

ವಾಸಣ್ಣ ಆರು ತಿಂಗಳು ಔಷಧಿ ನುಂಗಿ ಗುಣವಾದರು. ಹಳೆಯ ಹೋಟೆಲಿಗೆ ಹಿಂದಿರುಗಲಿಲ್ಲ. ಈಗ ಕಲ್ಯಾಣದ ಒಂದು ಕ್ಯಾಂಟೀನಿನಲ್ಲಿದ್ದಾರೆ. ಈ ವರ್ಷ, 2019ರ ಮಾರ್ಚ್‌ನಲ್ಲಿ, ಅವರನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. "ನಾನು ಅವತ್ತು ಬೇಡ ಅಂತ ಹೇಳಿದ್ದೆ ಅಲ್ವಾ ಮೇಡಂ?" ಎಂದು ಕೇಳಿದರು. ಹೌದು ಎಂದೆ. "ನನಗೇ ಅನುಮಾನ ಬಂದಿತ್ತು, ನಾನು ಸರಿಯಾಗಿ ಹೇಳ್ಲಿಲ್ವೋ ಏನೋ ಅಂತ," ಎಂದರು. ನಾಲ್ಕೂವರೆ ವರ್ಷ ಅವರು ತಮ್ಮನ್ನೇ ಅನುಮಾನಿಸಿಕೊಂಡಿದ್ದರು — ಇದು ನನ್ನ ಯಾವ ಲೆಕ್ಕದಲ್ಲೂ ಇರಲಿಲ್ಲ.

ಸರ್‌ಗೂ ಹೇಳಿದೆ. ಅವರು, "ನನ್ನ ಹತ್ರ ಯಾಕೆ ಬಂದೆ? ಮೊದಲು ಶಾಂತಕ್ಕನ ಹತ್ರ ಹೋಗು," ಎಂದರು.

ಹೋದೆ. ರಬಾಳೆ ಸ್ಟೇಷನ್ನಿನ ಆಚೆ ಅವರಿದ್ದ ಸಾಲುಮನೆಗಳ ಚಾಳು ಈಗಿಲ್ಲ. ನಾಲ್ಕು ಸಲ ಹೋದೆ. ಪಕ್ಕದ ಕಿರಾಣಿ ಅಂಗಡಿಯವರು ಹೇಳಿದ್ದು ಇಷ್ಟು: ಆ ಗಲಾಟೆಯಲ್ಲಿ ನಾದಿನಿಯ ಕೆಲಸವೂ ಹೋಯಿತು. "ನಿನ್ನ ಬಾಯಿಂದ ನನ್ನ ಅನ್ನ ಹೋಯ್ತು" ಎಂದು ಅವಳು ಮಾತು ಬಿಟ್ಟಳು. ಮನೆಯವರೂ ಅದನ್ನೇ ನಂಬಿದರು. ಎರಡು ಸಂಸಾರ ಬೇರೆ ಬೇರೆ ಟೆಂಪೊದಲ್ಲಿ ಸಾಮಾನು ಹೇರಿಕೊಂಡು ಹೋದವು. ಶಾಂತಕ್ಕ ಉಲ್ಹಾಸನಗರಕ್ಕೆ ಎಂದು ಒಬ್ಬರು, ಊರಿಗೆ ಎಂದು ಇನ್ನೊಬ್ಬರು.

ಇದನ್ನು ಓದುವವರಲ್ಲಿ ಯಾರಿಗಾದರೂ ಅವರು ಗೊತ್ತಿರಬಹುದು. ಈಗ ಐವತ್ತರ ಆಸುಪಾಸು. ಎತ್ತರದ ಆಳು. ಬಲಗೈಯ ಮೇಲೆ ಹಸಿರು ಹಚ್ಚೆ. ಮರಾಠಿಯನ್ನೂ ವಿಜಯಪುರದ ರಾಗದಲ್ಲೇ ಆಡುತ್ತಾರೆ. ಐರೋಲಿಯಲ್ಲಿ ಎಂಟು ವರ್ಷ ದವಾಖಾನೆಯಲ್ಲಿ ಕೆಲಸ ಮಾಡಿದವರು. ಅವರಿರುವ ಜಾಗ ತಿಳಿದಿದ್ದರೆ, ಅಥವಾ ಆ ನಾದಿನಿಯದಾದರೂ ತಿಳಿದಿದ್ದರೆ, ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಶಾಂತಕ್ಕ ನನ್ನ ಮುಖ ನೋಡಲು ಒಪ್ಪದಿದ್ದರೆ ಬಾಗಿಲಾಚೆಯೇ ನಿಲ್ಲುತ್ತೇನೆ. ನಾದಿನಿಯ ಮನೆಗಂತೂ ಹೋಗಲೇಬೇಕು. ಅವರ ಮನೆಯವರೆಲ್ಲ ಇರುವಾಗ, ಹೇಳಿದ್ದು ಶಾಂತಕ್ಕ ಅಲ್ಲ, ನಾನು ಎಂದು ಹೇಳಬೇಕು.