ಅಂಗಳದ ಕೆಳಗಿನ ಹಗೇವು

ಅಂಗಳದಲ್ಲಿ ಜಾರಿ ಬಿದ್ದು ನಮ್ಮತ್ತೆ ಸೊಂಟ ಮುರಿದುಕೊಂಡರು. ವಾಕರ್ ಹಿಡಿದು ಓಡಾಡಲು ಅವರಿಗೆ ಸಮತಟ್ಟಾದ ನೆಲ ಬೇಕಿತ್ತು. ಮಣ್ಣಿನ ಅಂಗಳಕ್ಕೆ ಕಾಂಕ್ರೀಟ್ ಹಾಕಿಸೋಣವೆಂದು ನಾನೂ ನಮ್ಮ ಯಜಮಾನರೂ ತೀರ್ಮಾನಿಸಿದೆವು. ಅತ್ತೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಸಪ್ಪಗಾಯಿತು.

“ಹಾಕ್ಸೋದು ಹಾಕ್ಸ್ರಿ. ಮೊದ್ಲು ಹಗೇವು ಎಲ್ಲೈತಿ ಹುಡುಕ್ರಿ” ಅಂದರು.

ನಾನು ಸೊರಬದ ಕಡೆಯವಳು. ನಮ್ಮಲ್ಲಿ ಭತ್ತ ಮನೆಯೊಳಗಿನ ಕಣಜದಲ್ಲಿರುತ್ತದೆ. ಮೊಳಕಾಲುದ್ದ ಅಗೆದರೆ ತೇವ ಬರುವ ನೆಲದಲ್ಲಿ ಯಾರು ತಾನೇ ಕಾಳು ಹೂಳುತ್ತಾರೆ? ಶಿಕಾರಿಪುರದ ಈ ಬಯಲಲ್ಲಿ ಮಾತ್ರ ಹಿಂದೆ ಅಂಗಳದಲ್ಲೇ ಆಳುದ್ದದ ಗುಂಡಿ ತೋಡಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣೆಳೆಯುತ್ತಿದ್ದರಂತೆ. ಅದೇ ಹಗೇವು. ನಮ್ಮ ಮನೆಯದನ್ನು ಯಜಮಾನರು ಕೂಸಾಗಿದ್ದಾಗಲೇ ಮಾವನವರು ಮುಚ್ಚಿಸಿದ್ದರು. ಆಮೇಲೆ ಕೊಟ್ಟಿಗೆ ಕೆಡವಿ ಅಂಗಳ ಅಗಲ ಮಾಡಿದ್ದರಿಂದ ಜಾಗದ ಗುರುತು ಅತ್ತೆಗೂ ಸಿಗುತ್ತಿರಲಿಲ್ಲ. ಏಕಿಷ್ಟು ಹೆದರಿಕೆ ಎಂದು ಕೇಳಿದರೆ ಗೋಡೆ ಕಡೆ ಹೊರಳಿಕೊಳ್ಳುತ್ತಿದ್ದರು.

“ಅವ್ವಗ ಸುಮ್ನೆ ಭಯ” ಎಂದು ಯಜಮಾನರು ನಕ್ಕರು. ಯಾವುದಕ್ಕೂ ನಗುವ ಅವರ ಈ ಚಾಳಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪೇಟೆಯಿಂದ ಮೇಸ್ತ್ರಿ ಬಂದರು. ಮೇಲಿನ ಸಡಿಲ ಮಣ್ಣು ಕೆರೆದು, ಗರಸು ಹರಡಿ, ನೀರು ಹೊಡೆದು, ದಿಮ್ಮಸಿನಿಂದ ಕುಟ್ಟಿಸುತ್ತ ಹೋದರು. ನೆಲ ದಪ್ ದಪ್ ಎಂದು ಸದ್ದು ಮಾಡುತ್ತಿತ್ತು. ತುಳಸಿಕಟ್ಟೆಯ ಪಕ್ಕಕ್ಕೆ ಬಂದಾಗ ಸದ್ದು ಬದಲಾಯಿತು. ಒಳಗೆ ಮಲಗಿದ್ದ ಅತ್ತೆ “ನಿಲ್ಸ್ರಿ!” ಎಂದು ಕೂಗಿದರು.

“ಇಲ್ಲಿ ಟೊಳ್ಳೈತಿ ಅಕ್ಕಾರೆ. ಹಂಗೇ ಕಾಂಕ್ರೀಟ್ ಹಾಕಿದ್ರ ಒಂದಿನ ಕುಸಿತೈತಿ. ತೆಗ್ದು ತುಂಬ್ಸ್ಬೇಕು” ಅಂದರು ಮೇಸ್ತ್ರಿ.

ಹಾರೆ ಹಾಕಿ ಚಪ್ಪಡಿ ಎಬ್ಬಿಸಿದರು. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಯಜಮಾನರು ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟರು. ತಳ ನಿಚ್ಚಳವಾಗಿ ಕಂಡಿತು. ಕಪ್ಪಗಾದ ಒಂದಿಷ್ಟು ಕಾಳು, ಅಷ್ಟೇ. ಪಕ್ಕದ ಮಣ್ಣು ಗಟ್ಟಿಯಿದೆಯೋ ನೋಡುತ್ತೇನೆಂದು ಅವರು ಏಣಿ ಇಳಿಸಿದರು.

“ರೀ, ಬೇಡ ರೀ” ಅಂದೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು, ಯಾಕೆಂದು ತಿಳಿಯದೆ.

“ಬೆಳಕು ಐತಲ್ಲೇ” ಎಂದು ನಗುತ್ತ ಅವರು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು.

ಅಷ್ಟರಲ್ಲಿ ಅತ್ತೆ ವಾಕರ್ ಎಳೆದುಕೊಂಡು ಹೊಸ್ತಿಲಿಗೆ ಬಂದಿದ್ದರು. ಬಿದ್ದಾಗಿನಿಂದ ಯಾರ ಆಸರೆಯೂ ಇಲ್ಲದೆ ಎದ್ದದ್ದು ಅದೇ ಮೊದಲು. “ಆ ಬೆಳಕು ಆರಲ್ಲೋ! ದೀಪ ಬಿಡು, ಉರಿಯೋ ದೀಪ!”

ದೇವರ ಮನೆಗೆ ಓಡಿ ಹಣತೆ ತಂದೆ. ಬಕೀಟಿನಲ್ಲಿಟ್ಟು ಮೇಸ್ತ್ರಿ ಹಗ್ಗ ಬಿಟ್ಟರು. ಯಜಮಾನರ ಪಾದ ದಾಟಿ ಸ್ವಲ್ಪ ಕೆಳಗೆ ಹೋಗುತ್ತಲೇ ಉರಿ ಕುಗ್ಗಿತು, ಆರಿತು. ಹೊರಗೆ ಗಾಳಿ ಬೀಸುತ್ತಿರಲಿಲ್ಲ; ಒಳಗೆ ಉಸಿರಾಡುವ ಗಾಳಿಯೇ ಇರಲಿಲ್ಲ. ಮತ್ತೆ ಹಚ್ಚಿ ಬಿಟ್ಟೆವು. ಅದೇ ಜಾಗದಲ್ಲಿ ಮತ್ತೆ ಆರಿತು. ನಾನು ಅಂಗಿಯ ಕಾಲರ್ ಹಿಡಿದು ಗಂಡನನ್ನು ಮೇಲಕ್ಕೆಳೆದೆ.

ಅತ್ತೆ ಹೊಸ್ತಿಲ ಮೇಲೇ ಕುಸಿದು ಕೂತಿದ್ದರು.

“ನಿಮ್ಮ ಚಿಕ್ಕಪ್ಪಗ ಜ್ವರ ಬಂದಿರ್ಲಿಲ್ಲೋ. ರೊಟ್ಟಿಗೆ ಜೋಳ ಇಲ್ಲ, ಇಳದು ತಗೊಂಬಾ ಅಂದಾಕಿ ನಾನು. ದೀಪ ಬಿಟ್ಟು ನೋಡೋಕ ನಂಗ ಬ್ಯಾಸ್ರ. ಹಾಡ್ಕೊಂತ ಇಳದ. ಹಾಡು ನಿಂತ್ಹೋತು. ಮ್ಯಾಲೆ ಬಂದಿದ್ದು ಹೆಣ.”

ಮಾವನವರ ತಮ್ಮ, ಚಿಕ್ಕ ವಯಸ್ಸಿನಲ್ಲೇ ಜ್ವರದಿಂದ ತೀರಿಹೋದರೆಂದು ನಾವೆಲ್ಲ ನಂಬಿದ್ದ ಚಿಕ್ಕಪ್ಪ. ಯಜಮಾನರು ಏಣಿಯನ್ನು ಮೇಲಕ್ಕೆಳೆದು ಗೋಡೆಗೆ ಒರಗಿಸಿದರು.

ಯಾರೂ ಒಳಗಿಳಿಯದೆ ಮೇಲಿನಿಂದಲೇ ಗರಸು ಸುರಿದು, ನೀರು ಬಿಟ್ಟು, ಉದ್ದ ಕಂಬದಿಂದ ಪದರ ಪದರವಾಗಿ ಕುಟ್ಟಿ ಹಗೇವು ತುಂಬಿಸಿದರು. ಸದ್ದು ಉಳಿದ ಅಂಗಳದಂತೆಯೇ ಆದ ಮೇಲೆ ಕಾಂಕ್ರೀಟ್ ಬಿತ್ತು. ಒದ್ದೆ ಚೀಲ ಹೊದಿಸಿ ನೀರುಣಿಸಿದೆವು.

ಅತ್ತೆ ಮೊದಲ ಸಲ ನಡೆಯಲು ಹೊರಬಂದ ದಿನ ಯಜಮಾನರು ಆಚೆ ತುದಿಯಲ್ಲಿ ನಿಂತು ಕರೆದರು. “ಬಾ ಅವ್ವ, ಈಗ ನೆಲ ಗಟ್ಟೈತಿ.”

ಅತ್ತೆ ನೇರವಾಗಿ ಬಂದರು. ತುಳಸಿಕಟ್ಟೆಯ ಹತ್ತಿರ ವಾಕರ್ ನಿಂತಿತು.

“ಗಟ್ಟಿ ಇರ್ಲಿ” ಅಂದರು. “ಅವನ ಮ್ಯಾಲೆ ಹೆಂಗ ನಡೀಲಿ?”

ವಾಕರ್ ತಿರುಗಿಸಿ ಗೋಡೆಯ ಪಕ್ಕದಿಂದ ಸುತ್ತಿ ಹೊರಟರು. ಯಜಮಾನರು ನಗಲಿಲ್ಲ. ಎದುರಿಗೆ ಬಂದು ತಾಯಿಯ ತೋಳು ಹಿಡಿದರು, ಅವರೂ ಆ ಜಾಗ ತುಳಿಯದೆ ಸುತ್ತಿಕೊಂಡೇ ಬಂದಿದ್ದರು.