ಬೀಗದ ಸರ್ ಕಪಾಟು ತೆರೆದ ದಿನ

ಹೊಸ ಹೈಸ್ಕೂಲಿನ ಉಪಪ್ರಾಂಶುಪಾಲರಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಊರಿಗೆಲ್ಲ ಅವರು ಬೀಗದ ಸರ್. ಸೊಂಟದಲ್ಲಿ ನೇತಾಡುವ ಕೀಲಿಗೊಂಚಲಿನ ಭಾರಕ್ಕೆ ಬಲ ಭುಜ ಎಡ ಭುಜಕ್ಕಿಂತ ನಾಲ್ಕು ಬೆರಳು ಕೆಳಗಿಳಿದಿತ್ತು. ಅವರು ನಡೆದುಬರುವ ಸದ್ದಿಗೆ ಮೂರು ಬೀದಿಯಾಚೆಯ ನಾಯಿಗಳು ಬಾಲ ಮುದುರಿಕೊಳ್ಳುತ್ತಿದ್ದವು. ಮನೆಯಲ್ಲಿ ಸಕ್ಕರೆ ಡಬ್ಬಕ್ಕೂ ಬೀಗ. ಚಹಾ ಬೇಕಾದರೆ ಹೆಂಡತಿ ಅರ್ಜಿ ಬರೆಯಬೇಕು ಎಂದು ನೆರೆಮನೆಯವರು ಆಡಿಕೊಳ್ಳುತ್ತಿದ್ದರು.

ಮೂರು ವರ್ಷದ ಹಿಂದೆ ಶಾಲೆ ಶುರುವಾದಾಗ ಗೋಡೆಯ ಸುಣ್ಣವೇ ಆರಿರಲಿಲ್ಲ. ಒರಗಿ ಕೂತ ಮಕ್ಕಳು ಎಷ್ಟು ಬೆಳ್ಳಗಾಗಿ ಮನೆಗೆ ಹೋಗುತ್ತಿದ್ದರೆಂದರೆ ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ. ಬೆಂಚು ಬರುವ ಮೊದಲೇ ಸರ್ ತರಿಸಿದ್ದು ಒಂದು ಕಬ್ಬಿಣದ ಕಪಾಟು. ಮಕ್ಕಳ ಕೈಯಿಂದ ಕಿತ್ತುಕೊಂಡದ್ದೆಲ್ಲ ಅದರೊಳಕ್ಕೆ: ಬುಗುರಿ, ಚೆಂಡು, ಬಾಚಣಿಗೆ, ಒಂದು ಕೊಳಲು, ಮೇಷ್ಟ್ರುಗಳ ವ್ಯಂಗ್ಯಚಿತ್ರಗಳು. ಪ್ರತಿಯೊಂದಕ್ಕೂ ದಾರ ಕಟ್ಟಿ, ಚೀಟಿ ಅಂಟಿಸಿ, ಮಗುವಿನ ರೋಲ್ ನಂಬರು, ತಾರೀಖು, ಕಾರಣ ಬರೆದಿಡುತ್ತಿದ್ದರು. ಹೆಸರು ಬರೆಯುತ್ತಿರಲಿಲ್ಲ. ಹೆಸರು ಅವರಿಗೆ ಗೊತ್ತೂ ಇರಲಿಲ್ಲ.

"ಸರ್, ಯಾವಾಗ ಕೊಡ್ತೀರಾ?"

"ಶಾಲೆ ಬಿಡೋ ದಿನ ತಗೋ."

ಈ ಮಾತನ್ನು ಒಬ್ಬರೂ ನಂಬಲಿಲ್ಲ. ಸರ್ ಎಲ್ಲವನ್ನೂ ಗುಜರಿಗೆ ಹಾಕಿದ್ದಾರೆ ಎಂದು ಮೊದಲ ತಂಡದ ನಲವತ್ತೊಂದು ಮಕ್ಕಳೂ ತೀರ್ಮಾನಿಸಿಬಿಟ್ಟಿದ್ದರು. ಬೀಳ್ಕೊಡುಗೆಗೆ ವಾರವಿದ್ದಾಗ, "ನಮ್ಮ ಸಾಮಾನು ವಾಪಸ್ ಬರದಿದ್ದರೆ ನಾವು ವೇದಿಕೆ ಹತ್ತುವುದಿಲ್ಲ" ಎಂದು ಬರೆದು, ಎಲ್ಲರೂ ಸಹಿ ಮಾಡಿ ಪ್ರಿನ್ಸಿಪಾಲ್ ಮೇಡಂಗೆ ಕೊಟ್ಟರು.

ಮೇಡಂಗೆ ಹಾಲು ಕುಡಿದಷ್ಟು ಸಂತೋಷ. ಸಿಬ್ಬಂದಿಯ ಶೌಚಾಲಯದ ಕೀಲಿ ಕೂಡ ಸರ್ ಸೊಂಟದಲ್ಲೇ ಇತ್ತು. ಮೂರು ವರ್ಷ ದಿನಕ್ಕೆರಡು ಸಲ ಆ ಮನುಷ್ಯನ ಮುಂದೆ ಕೈಯೊಡ್ಡಿದವರ ಹೊಟ್ಟೆಯೊಳಗಿನ ಬೆಂಕಿ ಎಂಥದ್ದಿರಬೇಡ! ಅದರಲ್ಲಿ ಇಡೀ ಶಾಲೆಗೆ ಅಡುಗೆ ಮಾಡಬಹುದಿತ್ತು.

"ಬೀಳ್ಕೊಡುಗೆ ದಿನ ಎಲ್ಲರ ಮುಂದೆ ಕಪಾಟು ತೆಗೀರಿ. ಒಂದೇ ಒಂದು ಸಾಮಾನು ಕಡಿಮೆಯಾದ್ರೂ ಈ ರಾಜೀನಾಮೆಗೆ ಸಹಿ ಹಾಕಿ," ಎಂದು ಟೈಪ್ ಮಾಡಿದ ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು. ಆಡಳಿತ ಮಂಡಳಿಯ ಅಧ್ಯಕ್ಷರೂ ಹೂಂ ಎಂದರು.

ಆ ದಿನ ಬೆಳಿಗ್ಗೆ ಹೆಂಡತಿ ಅವರ ಅಂಗಿಯ ಗುಂಡಿ ಬಿಗಿ ಮಾಡುತ್ತ, "ರೀ, ಎಲ್ಲಾ ಸರಿ ಇದೆ ತಾನೆ? ಈ ವಯಸ್ಸಲ್ಲಿ ಬೇರೆ ಯಾರು ನಿಮ್ಮನ್ನ ಸಹಿಸ್ಕೋತಾರೆ?" ಎಂದಳು.

"ಒಂದು ಗಡಿಯಾರ ಕಪಾಟಲ್ಲಿಲ್ಲ."

"ಅಯ್ಯೋ! ಎಲ್ಲಿ ಹೋಯ್ತು?"

"ಆ ಯಮ್ಮನ ಮೇಜಿನ ಮೇಲಿದೆ," ಎಂದು ಸರ್ ನಕ್ಕರು. ಮದುವೆಯಾದ ಮೇಲೆ ಅವರು ನಕ್ಕಿದ್ದು ಅದು ಮೂರನೇ ಸಲ.

ನಡೆದದ್ದಿಷ್ಟು. ಶಾಲೆ ಶುರುವಾದ ನಾಲ್ಕನೇ ತಿಂಗಳು, ಅವರ ಪಾಠದ ನಡುವೆ ಹದಿನೇಳನೇ ನಂಬರಿನ ಹುಡುಗಿಯ ಚೀಲದಲ್ಲಿ ಅಲಾರಾಂ ಬಡಿದುಕೊಂಡಿತು. "ಗಾಜು ಒಡೆದಿದೆ ಸರ್, ರಿಪೇರಿಗೆ ಕೊಟ್ಟು ಬಾ ಅಂದ್ರು ಅಮ್ಮ" ಎಂದು ಅವಳು ಅತ್ತರೂ ಗಡಿಯಾರ ಕಪಾಟು ಸೇರಿತು. ಹೊಸ ಶಾಲೆಗೆ ಗಡಿಯಾರವೇ ಇರಲಿಲ್ಲ. ಜವಾನ ತನ್ನ ಹಸಿವು ನೋಡಿಕೊಂಡು ಬೆಲ್ ಹೊಡೆಯುತ್ತಿದ್ದ, ಹಾಗಾಗಿ ಊಟದ ಬೆಲ್ ಒಂಬತ್ತೂವರೆಗೇ ಆಗುತ್ತಿತ್ತು. ಅಂದೇ ಮೇಡಂ, "ಒಂದು ದಿನದ ಮಟ್ಟಿಗೆ ಕೊಡಿ" ಎಂದು ಆ ಗಡಿಯಾರವನ್ನು ಒಯ್ದರು. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ. ಮೇಡಂ ಅದಕ್ಕೆ ಹೊಸ ಗಾಜು ಹಾಕಿಸಿ, ಬಿಳಿ ಬಣ್ಣದಲ್ಲಿ ಸ್ಟಾಕ್ ನಂಬರನ್ನೂ ಬರೆಸಿದ್ದರು. ಅಂದಿನಿಂದ ಶಾಲೆಯ ಪ್ರತಿ ಬೆಲ್ಲೂ ಅದನ್ನು ನೋಡಿಯೇ. ಆದರೆ ಒಯ್ಯುವಾಗ ಸರ್ ಚೀಟಿಯ ಮೇಲೆ ಮೇಡಂ ಕೈಲೂ ಸಹಿ ಹಾಕಿಸಿಕೊಂಡಿದ್ದರು. ಮೇಡಂ ಅದನ್ನು ಮರೆತಿದ್ದರು. ಸರ್ ದಿನಾ ತೆಗೆದು ನೋಡುತ್ತಿದ್ದರು.

ಅಂಗಳದಲ್ಲಿ ಶಾಮಿಯಾನ. ಅಧ್ಯಕ್ಷರು ಮಕ್ಕಳ ಭವಿಷ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟರಲ್ಲಿ ಆ ಭವಿಷ್ಯದ ಒಂದು ಭಾಗ ಕಳೆದೇಹೋಯಿತು. ಆಮೇಲೆ ಕಪಾಟನ್ನು ಆರು ಜನ ಹೊತ್ತು ತಂದರು. ಸರ್ ನಂಬರು ಕೂಗಿದರು, ಮಕ್ಕಳು ಬಂದರು. ಬುಗುರಿ ಬಂತು, ಕೊಳಲು ಬಂತು. ಮೇಡಂ ಅವರದೇ ವ್ಯಂಗ್ಯಚಿತ್ರ ಬಂತು, ಎಲ್ಲರಿಗೂ ಕಾಣುವಂತೆ ಸರ್ ಅದನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿದರು. ಮೂವರು ಹುಡುಗರ ಕೈಗಡಿಯಾರಗಳು ಬಂದವು. ಅವುಗಳ ಚೀಟಿಯಲ್ಲಿ ಕಾರಣ: "ಶಾಲೆಯ ಬೆಲ್ಲಿಗಿಂತ ಹಿಂದೆ ಓಡುತ್ತಿದ್ದು, ವಾದ ಮಾಡಿದ್ದಕ್ಕೆ."

ಮೇಡಂ ಮುಖ ಸಪ್ಪಗಾಗತೊಡಗಿತು. ಅಷ್ಟರಲ್ಲಿ, "ಹದಿನೇಳು."

ಹುಡುಗಿ ಬಂದಳು. ಕಪಾಟು ಖಾಲಿ.

"ಎಲ್ಲಿ ರೀ ಇವಳ ಸಾಮಾನು?" ಮೇಡಂ ಎದ್ದೇಬಿಟ್ಟರು. ರಾಜೀನಾಮೆಯ ಹಾಳೆ ಅವರ ಕೈಚೀಲದಿಂದ ಆಗಲೇ ಹೊರಗೆ ಬಂದಿತ್ತು.

ಸರ್ ಚೀಟಿಯನ್ನು ನಿಧಾನವಾಗಿ ಬಿಡಿಸಿ ಮೈಕಿನ ಮುಂದೆ ಓದಿದರು. "ಅಲಾರಾಂ ಗಡಿಯಾರ ಒಂದು. ಒಂದು ದಿನದ ಮಟ್ಟಿಗೆ ಪಡೆದವರು, ಪ್ರಿನ್ಸಿಪಾಲರು. ಸಹಿ. ಮೇಡಂ, ಈ ಸಹಿ ತಮ್ಮದೇನಾ, ಇಲ್ಲ ಗುಜರಿಯವನದ್ದಾ?"

ಮಕ್ಕಳು ಸೀಟಿ ಹೊಡೆದರು. ಅಧ್ಯಕ್ಷರು, "ಸಾಕು, ಗಡಿಯಾರ ತನ್ನಿ" ಎಂದರು. ಜವಾನ ಓಡಿದ. ಮೇಡಂ ರಾಜೀನಾಮೆ ಮಡಚಿ ಚೀಲಕ್ಕೆ ತುರುಕುವುದನ್ನು ನೋಡಿ, ಸರ್ ಬಲ ಭುಜ ಮೂರು ವರ್ಷದಲ್ಲಿ ಮೊದಲ ಸಲ ಎಡ ಭುಜದ ಸಮಕ್ಕೆ ಏರಿತು. ನೌಕರಿ ಉಳಿದಿತ್ತು.

ಹುಡುಗಿ ಗಡಿಯಾರ ಹಿಡಿದು ನೋಡಿದಳು. ಪಕ್ಕದಲ್ಲಿ ನಿಂತಿದ್ದ ಹುಡುಗರಿಗೆ, "ಲೋ, ನಿಮ್ಮ ವಾಚಲ್ಲಿ ಎಷ್ಟು?" ಎಂದಳು.

ಎರಡು ವಾಚು ನಿಂತುಹೋಗಿದ್ದವು. ಮೂರನೆಯದು ಇನ್ನೂ ಓಡುತ್ತಿತ್ತು. "ಹನ್ನೊಂದು ಇಪ್ಪತ್ತು."

"ಇದರಲ್ಲಿ ಹನ್ನೊಂದು ಮೂವತ್ತೊಂದು."

ಅಧ್ಯಕ್ಷರು ತಮ್ಮ ವಾಚು ನೋಡಿಕೊಂಡರು. ಇಪ್ಪತ್ತು. ಶಾಮಿಯಾನದ ತುಂಬ ಅಪ್ಪ ಅಮ್ಮಂದಿರು ಮಣಿಕಟ್ಟು ತಿರುಗಿಸಿದರು. ಎಲ್ಲ ಕಡೆಯೂ ಇಪ್ಪತ್ತು.

"ಅಮ್ಮ ಲಾಂಡ್ರಿ ಕೆಲಸಕ್ಕೆ ಮೊದಲನೇ ಬಸ್ಸು ತಪ್ಪಬಾರ್ದು ಅಂತ ಹನ್ನೊಂದು ನಿಮಿಷ ಮುಂದೆ ಇಟ್ಟಿದ್ರು," ಎಂದಳು ಹುಡುಗಿ. "ಮೇಡಂ, ನೀವು ಕೀಲಿ ಕೊಟ್ಟಿದ್ದೀರಿ, ಗಾಜು ಹಾಕ್ಸಿದ್ದೀರಿ, ಮುಳ್ಳು ಮಾತ್ರ ಮುಟ್ಟಿಲ್ಲ."

ಎರಡೂವರೆ ವರ್ಷ ಸರ್ ಬೆಲ್ ಆದ ಕೂಡಲೇ ಗೇಟಿಗೆ ಬೀಗ ಜಡಿದಿದ್ದರು. ತಡವಾದವರು ಮೊದಲ ಪೀರಿಯಡ್ ಮುಗಿಯುವತನಕ ಬಿಸಿಲಲ್ಲಿ ಆಚೆ. ಮೊದಲ ಪೀರಿಯಡ್ ಗಣಿತ.

"ಲೇಟಾದೋರ ಪುಸ್ತಕ ಕೊಡಿ ಸರ್."

ಯಾರು ಎಷ್ಟು ನಿಮಿಷ ತಡವೆಂದು ಬರೆದಿಡುವ ಆ ಪುಸ್ತಕ ಸದಾ ಅವರ ಕಂಕುಳಲ್ಲೇ ಇರುತ್ತಿತ್ತು. ಕೊಡಬಾರದೆಂದೇ ಇದ್ದರು, ಆದರೆ ಇಡೀ ಶಾಮಿಯಾನ ಕೊಟ್ಟುಬಿಡು ಎಂಬಂತೆ ನೋಡುತ್ತಿತ್ತು. ಕೊಟ್ಟರು.

"ನನ್ನ ನಂಬರು ನೂರ ನಲವತ್ತಮೂರು ಸಲ ಇದೆ. ಒಂದು ಸಲವೂ ನಾನು ಹನ್ನೊಂದು ನಿಮಿಷಕ್ಕಿಂತ ಲೇಟಾಗಿಲ್ಲ. ಬೀದಿ ಕಡೆ ಕಿಟಕಿ ಹೊರಗೆ ನಿಂತು ಗಣಿತ ಕೇಳಿಸ್ಕೊಂಡಿದ್ದೀನಿ, ಬೋರ್ಡು ಕಾಣ್ತಿರ್ಲಿಲ್ಲ." ಅವಳು ಪುಸ್ತಕ ಮುಚ್ಚಿದಳು. ಸರ್ ಕೈಲಿದ್ದ ಚೀಟಿ ತೆಗೆದುಕೊಂಡು, ಅದರ ದಾರ ಬಿಚ್ಚಿ ಪುಸ್ತಕಕ್ಕೆ ಸುತ್ತಿದಳು. ಚೀಟಿಯ ಹಿಂಬದಿ ತಾರೀಖು, ಕಾರಣ ಬರೆದು ದಾರಕ್ಕೆ ಸಿಕ್ಕಿಸಿದಳು.

"ಏಯ್! ಅದು ಶಾಲೆಯ ದಾಖಲೆ! ವಾಪಸ್ ಕೊಡು!"

"ಕೊಡ್ತೀನಿ ಸರ್. ನೀವು ಶಾಲೆ ಬಿಡೋ ದಿನ ಬಂದು ತಗೊಳ್ಳಿ."

ಒಂದು ಕಂಕುಳಲ್ಲಿ ಪುಸ್ತಕ, ಇನ್ನೊಂದರಲ್ಲಿ ಗಡಿಯಾರ ಇಟ್ಟುಕೊಂಡು ಅವಳು ಗೇಟಿನತ್ತ ನಡೆದಳು. ಗೇಟಿಗೆ ಬೀಗ ಬಿದ್ದಿತ್ತು. ತಿರುಗಿ ನೋಡದೆ ಕಾದು ನಿಂತಳು. ಸರ್ ಇಡೀ ಅಂಗಳ ದಾಟಿ ಹೋಗಿ, ಗೊಂಚಲಿನಲ್ಲಿ ಕೀಲಿ ತಡಕಾಡಿ ತೆಗೆಯಬೇಕಾಯಿತು. ಎರಡು ಸಲ ತಪ್ಪು ಕೀಲಿ ತಿರುಗಿಸಿ ಅದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಅವಳು ಗಡಿಯಾರವನ್ನೇ ನೋಡುತ್ತಿದ್ದಳು.

"ನಾಲ್ಕು ನಿಮಿಷ ಲೇಟು ಸರ್," ಎಂದು ಹೊರಟುಹೋದಳು.